ವಾಲ್‌ಪೇಪರ್ ತೆಗೆದು ಬಣ್ಣ ಹೊಡೆಯುವ ಮುನ್ನ

ಪ್ರಶ್ನೆ: ಪೇಂಟರ್ ಅಣ್ಣನಿಗೆ ನಮಸ್ಕಾರ. ಮಲ್ಪೆಯ ಬಳಿ ನಮ್ಮದು ಕೆಂಪುಕಲ್ಲಿನ ಮನೆ. ಮಲಗುವ ಕೋಣೆಯ ಪಡು ಗೋಡೆಗೆ 10 ವರ್ಷದ ಹಿಂದೆ ಹಾಕಿಸಿದ ವಾಲ್‌ಪೇಪರ್ ಈಗ ಎದ್ದು ಬರುತ್ತಿದೆ, ಕಪ್ಪು ಚುಕ್ಕೆಗಳೂ ಕಾಣುತ್ತಿವೆ. ಜನವರಿಯಲ್ಲಿ ಮಗಳ ಮದುವೆ. ಅದರ ಮೇಲೆಯೇ ಪುಟ್ಟಿ ಹಾಕಿ ಬಣ್ಣ ಹೊಡೆಯಬಹುದೇ?

ಉತ್ತರ: ದಯವಿಟ್ಟು ಬೇಡ ಅಕ್ಕ. ಪುಟ್ಟಿಯ ನೀರಿಗೆ ಹಳೆಯ ಅಂಟು ಮತ್ತೆ ನೆನೆಯುತ್ತದೆ, ಕಾಗದ ಪುಟ್ಟಿಯ ಸಮೇತ ಜೋತು ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಪ್ಪು ಚುಕ್ಕೆ ಬೂಷ್ಟು. ಕಡಲ ಕಡೆಯಿಂದ ಬೀಸುವ ಮಳೆಯನ್ನು ನಾಲ್ಕು ತಿಂಗಳು ತಿನ್ನುವುದು ಪಡು ಗೋಡೆಯೇ. ಹಿರಿಯರು ಆ ಬದಿಗೆ ಮಡಲಿನ, ಅಂದರೆ ಹೆಣೆದ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಪ್ಲಾಸ್ಟಿಕ್ ಹೊದಿಕೆಯ ಕಾಗದ ಆ ತೇವವನ್ನು ಒಳಗೇ ಹಿಡಿದಿಟ್ಟಿದೆ.

ಮೊದಲು ಆ ಕೋಣೆಯ ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್‌ನಲ್ಲೇ ತೆಗೆಯಿರಿ. ಮೇಲಿನ ಪ್ಲಾಸ್ಟಿಕ್ ಪದರವನ್ನು ಒಣಗಿದ್ದಂತೆಯೇ ಮೂಲೆಯಿಂದ ಎಳೆಯಿರಿ, ಅದರ ಮೇಲೆ ನೀರು ಹಾಕಿ ಫಲವಿಲ್ಲ. ಉಳಿದ ಕಾಗದಕ್ಕೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಬೆರೆಸಿದ ಬಿಸಿನೀರು ಹಚ್ಚಿ ಕಾಲು ಗಂಟೆ ಬಿಡಿ. ಆಮೇಲೆ ಪುಟ್ಟಿ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಿರಿ. ಬಲ ಹಾಕಿದರೆ ಗಾರೆಯೇ ಕಿತ್ತು ಬರುತ್ತದೆ.

ಕಾಗದ ಹೋಯಿತೆಂದು ಕೆಲಸ ನಿಲ್ಲಿಸುವವರೇ ಹೆಚ್ಚು, ನನಗೆ ಬೇಸರ ತರಿಸುವುದು ಇದೇ. ಒದ್ದೆ ಬೆರಳನ್ನು ಗೋಡೆಯ ಮೇಲೆ ಆಡಿಸಿ ನೋಡಿ. ಲೋಳೆಯಂತೆ ಜಾರಿದರೆ ಅಂಟು ಇನ್ನೂ ಇದೆ. ಸ್ಪಂಜಿನಲ್ಲಿ ನೀರು ಬದಲಿಸುತ್ತಾ ತೊಳೆಯಿರಿ. ಇಲ್ಲದಿದ್ದರೆ ಹೊಸ ಬಣ್ಣ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಬೂಷ್ಟಿಗೆ ಬ್ಲೀಚಿಂಗ್ ದ್ರಾವಣ ಸಾಕು. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಅದಕ್ಕೆ ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಪ್ರಶ್ನೆ: ತೆಗೆದೆವು ಅಣ್ಣ. ಕಿಟಕಿಯ ಕೆಳಗೆ ಗಾರೆ ತಟ್ಟಿದರೆ ಟೊಳ್ಳು ಸದ್ದು, ಬಿಳಿ ಪುಡಿಯೂ ಉದುರುತ್ತಿದೆ. ಈ ವಾರವೇ ಪುಟ್ಟಿ ಹಾಕಬಹುದೇ?

ಉತ್ತರ: ಆ ಪುಡಿ ಗೋಡೆಯೊಳಗಿನ ಲವಣ. ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ, ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಹಾಕಿ. ನೀರು ಬರುತ್ತಿರುವುದು ಕಿಟಕಿಯ ಚೌಕಟ್ಟಿನ ಸಂದಿನಿಂದ ಇರಬೇಕು. ಹೊರಗಿನಿಂದ ಆ ಬಿರುಕು ಮುಚ್ಚದೆ ಒಳಗೆ ಏನು ಬಳಿದರೂ ದುಡ್ಡು ನೀರಿಗೆ ಹಾಕಿದಂತೆ. ಟೊಳ್ಳು ಗಾರೆಯನ್ನು ಒಡೆದು ಹೊಸದಾಗಿ ಹಾಕಿಸಿ. ಸಿಮೆಂಟ್ ಗಾರೆಗೆ ನಾಲ್ಕು ವಾರ ಬೇಕು. ನವೆಂಬರ್ ಆದ್ದರಿಂದ ಸಮಯವಿದೆ.

ಆಮೇಲೆ ಒಂದು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್‌ನಿಂದ ಗೋಡೆಗೆ ಮುಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಒಣಗಿದ್ದರೆ ತೆಳುವಾಗಿ ಎರಡು ಕೈ ಪುಟ್ಟಿ, ಮಾಸ್ಕ್ ಹಾಕಿ 180ರ ಸ್ಯಾಂಡ್ ಪೇಪರ್, ಪ್ರೈಮರ್, ಬಣ್ಣ.

ಪ್ರಶ್ನೆ: ನಮ್ಮದು ಮಂಗಳೂರಿನ ಫ್ಲಾಟ್, ಜಿಪ್ಸಂ ಬೋರ್ಡಿನ ಅಡ್ಡಗೋಡೆ. ಇದೇ ಕ್ರಮವೇ?

ಉತ್ತರ: ಅಲ್ಲ. ಜಿಪ್ಸಂ ನೀರು ಕುಡಿದು ಮೆತ್ತಗಾಗುತ್ತದೆ. ಹಿಂಡಿದ ಸ್ಪಂಜಿನಲ್ಲಿ ಎರಡು ಅಡಿಯಷ್ಟೇ ನೆನೆಸಿ, ಕೆರೆದು, ಒರೆಸಿ ಮುಂದೆ ಹೋಗಿ. ಬೋರ್ಡಿನ ಮೇಲ್ಕಾಗದ ಹರಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಹತ್ತಿರದಿಂದ ತೆಗೆದ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.