ನಿರ್ದೇಶಕ ಮಂಡಳಿಗೆ ಯಾರನ್ನು ಕರೆಯಲಿ? ಸಾಫ್ಟ್‌ವೇರ್ ಕಂಪನಿಯೊಂದರ ಪ್ರಶ್ನೆ, ಕಂಡುಂಡವರ ಉತ್ತರಗಳು

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಕಾಲೇಜಿನ ಗೆಳತಿ ಸೇರಿ ಒಂಬತ್ತು ವರ್ಷಗಳ ಹಿಂದೆ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಜಿಲ್ಲಾ ಕೇಂದ್ರಗಳಲ್ಲಿರುವ ಖಾಸಗಿ ಆಸ್ಪತ್ರೆಗಳಿಗೆ ರೋಗಿಗಳ ನೋಂದಣಿ, ಬಿಲ್ಲು, ಔಷಧ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಪ್ಪತ್ತು ಜನ ಕೆಲಸಕ್ಕಿದ್ದಾರೆ. ಇಂದಿಗೂ ನಿರ್ದೇಶಕರು ನಾವಿಬ್ಬರೇ, ಇಬ್ಬರೂ ಎಂಜಿನಿಯರ್‌ಗಳು. ಈಗ ಬಂಡವಾಳ ಹೂಡಲು ಮುಂದೆ ಬಂದವರು ನಿರ್ದೇಶಕರ ಸಂಖ್ಯೆಯನ್ನು ಐದಕ್ಕೆ ಏರಿಸಿ ಎಂದಿದ್ದಾರೆ. ಒಬ್ಬರು ಅವರ ಕಡೆಯವರು, ಇನ್ನಿಬ್ಬರನ್ನು ನಾವು ಹುಡುಕಬೇಕು. ಬಂಧುಗಳು, ಪರಿಚಿತರು ನಾಲ್ಕು ಹೆಸರು ಸೂಚಿಸಿದ್ದಾರೆ: ನಿವೃತ್ತ ಐಎಎಸ್ ಅಧಿಕಾರಿಯೊಬ್ಬರು, ಎಂಜಿನಿಯರಿಂಗ್ ಕಾಲೇಜಿನ ಮಾಜಿ ಪ್ರಾಂಶುಪಾಲರು, ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಉಪಾಧ್ಯಕ್ಷರಾಗಿದ್ದವರು, ಮತ್ತು ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ನನ್ನ ದೊಡ್ಡಪ್ಪನ ಮಗ. ನಾಲ್ವರೂ ಒಳ್ಳೆಯವರು. ಯಾವ ವೃತ್ತಿಯಿಂದ ಬಂದವರು ಮಂಡಳಿಯ ಸಭೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತಾರೆ? ಸ್ವಂತ ಅನುಭವ ಇರುವವರು ದಯವಿಟ್ಟು ಬರೆಯಿರಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದೆ, ಹೆಚ್ಚಿನ ಕಾಲ ಸಾಲ ವಿಭಾಗದಲ್ಲಿ. ನಿವೃತ್ತನಾದ ಮೇಲೆ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರ ನಿರ್ದೇಶಕನಾದೆ. ಪ್ರೋಗ್ರಾಮ್ ಬರೆಯುವುದು ನನಗೆ ತಿಳಿಯದು. ಮೊದಲ ಎರಡು ಸಭೆಗಳಲ್ಲಿ ಪರದೆಯ ಮೇಲೆ ಓಡಿದ ಚಿತ್ರಗಳನ್ನು ನೋಡಿ ಸುಮ್ಮನೆ ಎದ್ದು ಬಂದೆ.

ಮೂರನೆಯ ಸಭೆಯ ಲೆಕ್ಕಪತ್ರದಲ್ಲಿ ಬ್ಯಾಂಕ್ ಠೇವಣಿ 1 ಕೋಟಿ 40 ಲಕ್ಷ ಎಂಬ ಸಾಲಿತ್ತು. ರಸೀದಿ ನೋಡಬಹುದೇ ಎಂದೆ. ಮುಂಭಾಗದ ಜೆರಾಕ್ಸ್ ಪ್ರತಿ ಬಂತು. ಮೂಲ ರಸೀದಿಯೇ ಬೇಕು ಎಂದೆ. ಅದು ಬ್ಯಾಂಕಿನಲ್ಲೇ ಇದೆ ಎಂಬ ಉತ್ತರ ಬಂದಾಗ ನನಗೆ ಅರ್ಥವಾಯಿತು. ಠೇವಣಿ ರಸೀದಿಯನ್ನು ಬ್ಯಾಂಕು ತನ್ನ ಬಳಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಅದರ ಮೇಲೆ ಸಾಲ ಕೊಟ್ಟಾಗ. ಮಾರನೆಯ ದಿನ ಶಾಖೆಗೆ ಹೋಗಿ ನೋಡಿದರೆ ರಸೀದಿಯ ಹಿಂಬದಿಯಲ್ಲಿ ಲೀನ್, ಅಂದರೆ ಸಾಲ ತೀರುವವರೆಗೆ ಠೇವಣಿಯ ಮೇಲೆ ಬ್ಯಾಂಕಿಗೆ ಹಕ್ಕಿದೆ ಎಂಬ ಮೊಹರು ಒತ್ತಿತ್ತು. ಸಂಸ್ಥಾಪಕರು ತಮ್ಮ ಅಣ್ಣನ ಅಂಗಡಿಯ ಓವರ್‌ಡ್ರಾಫ್ಟಿಗೆ ಅದನ್ನು ಆಧಾರವಾಗಿ ಕೊಟ್ಟಿದ್ದರು. ಹಣ ಇತ್ತು, ಆದರೆ ನೌಕರರ ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ಅವರು ಮೋಸಗಾರರಲ್ಲ. ಕಂಪನಿಯ ಹಣ ಬೇರೆ, ಮನೆಯ ಹಣ ಬೇರೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅದನ್ನು ಬಿಡಿಸಲು ಎಂಟು ತಿಂಗಳು ಬೇಕಾಯಿತು.

ಆದ್ದರಿಂದ ಸಾಲ ಕೊಟ್ಟು ವಸೂಲಿ ಮಾಡಿದ ಕೈ ಒಂದು ನಿಮ್ಮ ಮಂಡಳಿಯಲ್ಲಿರಲಿ. ಲೆಕ್ಕ ಬರೆಯುವವರಿಗೂ ಲೆಕ್ಕವನ್ನು ಅನುಮಾನಿಸುವವರಿಗೂ ವ್ಯತ್ಯಾಸವಿದೆ. ನಿಮ್ಮ ದೊಡ್ಡಪ್ಪನ ಮಗ ಎಷ್ಟೇ ಜಾಣರಿದ್ದರೂ, ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ತಂಗಿಯ ಬಳಿ ಮೂಲ ರಸೀದಿ ತೋರಿಸು ಎಂದು ಪಟ್ಟು ಹಿಡಿಯುವುದು ಅವರಿಗೆ ಕಷ್ಟ. ಆ ಕಷ್ಟಕ್ಕೆ ಅವರನ್ನು ದೂಡಬೇಡಿ.

ವಾಣಿಜ್ಯ ಅಧ್ಯಾಪಕ, ಧಾರವಾಡ

ಮೇಲಿನ ಹಿರಿಯರ ಮಾತು ಓದುವಾಗ ನನಗೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಎಂಬ ದೊಡ್ಡ ಸಾಫ್ಟ್‌ವೇರ್ ಕಂಪನಿ ನೆನಪಾಯಿತು. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಇದನ್ನು ಪಾಠ ಮಾಡುತ್ತೇನೆ. 2008ರಲ್ಲಿ ಆ ಕಂಪನಿಯ ಮಂಡಳಿಗೆ ಹೊರಗಿನಿಂದ ಬಂದ ನಿರ್ದೇಶಕರ ಪಟ್ಟಿ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತಿತ್ತು. ಹಾರ್ವರ್ಡ್‌ನ ಪ್ರಾಧ್ಯಾಪಕರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ, ದೆಹಲಿ ಐಐಟಿಯ ಮಾಜಿ ನಿರ್ದೇಶಕರು, ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್, ಪೆಂಟಿಯಂ ಚಿಪ್‌ನ ಜನಕರೆಂದು ಹೆಸರಾದ ಎಂಜಿನಿಯರ್. ಆ ವರ್ಷದ ಡಿಸೆಂಬರ್ 16ರಂದು, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಇದೇ ಮಂಡಳಿ ಒಪ್ಪಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು. 2009ರ ಜನವರಿ 7ರಂದು ರಾಜು ಅವರೇ ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ವಂಚನೆಯನ್ನು ಮಂಡಳಿಯಿಂದಲೂ ಮುಚ್ಚಿಟ್ಟಿದ್ದರು, ನಿಜ. ಆದರೂ ಅಷ್ಟು ವಿದ್ವತ್ತು ಒಂದೇ ಮೇಜಿನ ಸುತ್ತ ಕುಳಿತಿದ್ದಾಗ ಹಾಗಾಯಿತಲ್ಲ ಎಂಬ ನೋವು ನನಗೆ ಈಗಲೂ ಹೋಗಿಲ್ಲ.

ಆಮೇಲೆ ಏನಾಯಿತು ಎಂಬುದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಅದೇ ತಿಂಗಳು ಕೇಂದ್ರ ಸರ್ಕಾರ ಹಳೆಯ ಮಂಡಳಿಯ ಜಾಗದಲ್ಲಿ ಹೊಸದನ್ನು ಕೂರಿಸಿತು. ಎಚ್‌ಡಿಎಫ್‌ಸಿಯ ದೀಪಕ್ ಪಾರೇಖ್, ಸಾಫ್ಟ್‌ವೇರ್ ಉದ್ಯಮದ ಒಕ್ಕೂಟವಾದ ನ್ಯಾಸ್ಕಾಮ್ ಮುನ್ನಡೆಸಿದ್ದ ಕಿರಣ್ ಕಾರ್ಣಿಕ್, ಷೇರು ಮಾರುಕಟ್ಟೆಯ ಮೇಲ್ಮನವಿ ನ್ಯಾಯಮಂಡಳಿಯಲ್ಲಿದ್ದ ಸಿ. ಅಚ್ಯುತನ್, ಬೆನ್ನಿಗೇ ಉದ್ಯಮ ಒಕ್ಕೂಟದ ತರುಣ್ ದಾಸ್, ಲೆಕ್ಕಪರಿಶೋಧಕರ ಸಂಸ್ಥೆಯ ಮಾಜಿ ಅಧ್ಯಕ್ಷ ಟಿ.ಎನ್. ಮನೋಹರನ್, ಎಲ್‌ಐಸಿಯ ಎಸ್.ಬಿ. ಮೈನಕ್. ಹಣ ಹೊಂದಿಸಲು ಒಬ್ಬರು, ವಿದೇಶಿ ಗ್ರಾಹಕರಿಗೆ ಧೈರ್ಯ ಹೇಳಲು ಒಬ್ಬರು, ಕಾನೂನಿಗೆ ಒಬ್ಬರು, ಕೆಟ್ಟ ಲೆಕ್ಕವನ್ನು ಬುಡದಿಂದ ಮತ್ತೆ ಕಟ್ಟಲು ಒಬ್ಬರು. ಏಪ್ರಿಲ್ ಹೊತ್ತಿಗೆ ಟೆಕ್ ಮಹೀಂದ್ರಾ ಕೈಗೆ ಕಂಪನಿ ಸೇರಿತು, ಸಾವಿರಾರು ಮನೆಗಳ ಒಲೆ ಆರಲಿಲ್ಲ. ಎದುರಿಗಿದ್ದ ಪ್ರತಿ ತೊಂದರೆಗೂ ಅದನ್ನು ಬಲ್ಲ ಒಬ್ಬರು ಅಲ್ಲಿದ್ದರು.

ನಿಮ್ಮ ಕ್ಷೇತ್ರದವರೇ ಆಗಬೇಕೆಂದೂ ಇಲ್ಲ. ಬಿಯರ್ ತಯಾರಿಕೆ ಓದಿ ಔಷಧ ಕಂಪನಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಷಾ ಇನ್ಫೋಸಿಸ್‌ನ ಪ್ರಮುಖ ಸ್ವತಂತ್ರ (ಅಂದರೆ ಕಂಪನಿಯ ಒಡೆತನ, ನೌಕರಿಯ ನಂಟಿಲ್ಲದ) ನಿರ್ದೇಶಕಿಯಾಗಿದ್ದರು. 2023ರಲ್ಲಿ ಅವರ ಸ್ಥಾನಕ್ಕೆ ಬಂದ ಡಿ. ಸುಂದರಂ ಸಾಬೂನು, ಚಹಾ ಮಾರುವ ಹಿಂದುಸ್ತಾನ್ ಯೂನಿಲಿವರ್‌ನ ಹಣಕಾಸು ನೋಡಿಕೊಂಡವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ವಕೀಲ ಬಿ.ಸಿ. ಪ್ರಭಾಕರ್ ಬಹಳ ವರ್ಷ ವಿಪ್ರೋ ಮಂಡಳಿಯಲ್ಲಿದ್ದರು. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಸಾಫ್ಟ್‌ವೇರ್ ಕಂಪನಿಯಾದ ಮೈಂಡ್‌ಟ್ರೀ ಮಂಡಳಿಯಲ್ಲಿದ್ದರು. ಷೇರುಪೇಟೆಗೆ ಬಂದ ಕಂಪನಿಗಳ ವಾರ್ಷಿಕ ವರದಿಯಲ್ಲಿ ಯಾವ ನಿರ್ದೇಶಕರಿಗೆ ಯಾವ ಪರಿಣತಿ ಇದೆ ಎಂಬ ಕೋಷ್ಟಕವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ಎರಡು ಮೂರು ಕಂಪನಿಗಳದ್ದನ್ನು ಇಳಿಸಿಕೊಂಡು ಓದಿ. ನಂತರ ಒಂದು ಹಾಳೆಯಲ್ಲಿ ನಿಮ್ಮದೇ ಕೋಷ್ಟಕ ಬರೆದು, ಯಾವ ಸಾಲು ಖಾಲಿ ಉಳಿಯುತ್ತದೆ ನೋಡಿ.

ಕಂಪನಿ ಕಾರ್ಯದರ್ಶಿ, ಬೆಂಗಳೂರು

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಗೆ ಇಬ್ಬರು ನಿರ್ದೇಶಕರು ಸಾಕು, ಸ್ವತಂತ್ರ ನಿರ್ದೇಶಕರು ಕಡ್ಡಾಯವಲ್ಲ. ಇಂಥದೇ ಪದವಿ ಇರಬೇಕೆಂಬ ನಿಯಮವೂ ಇಲ್ಲ. ನಿರ್ದೇಶಕರ ಗುರುತಿನ ಸಂಖ್ಯೆ ಬೇಕು, ಲಿಖಿತ ಒಪ್ಪಿಗೆ ಬೇಕು, ನೇಮಕವಾದ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಗ್ರಾಹಕ ಕಂಪನಿಯೊಂದು ಬಹಳ ಗೌರವಾನ್ವಿತ ಪ್ರಾಧ್ಯಾಪಕರನ್ನು ಮಂಡಳಿಗೆ ಆಹ್ವಾನಿಸಿತು. ಶಾಲು ಹೊದಿಸಿ ಫೋಟೊ ಕೂಡ ತೆಗೆಸಿದರು. ಅರ್ಜಿ ಸಲ್ಲಿಸಲು ಹೋದಾಗ ಅವರು ಅನರ್ಹರು ಎಂದು ತಿಳಿಯಿತು. ಎಂದೋ ಸೋದರಳಿಯನ ಕಂಪನಿಗೆ ಹೆಸರು ಕೊಟ್ಟಿದ್ದರು. ಆ ಕಂಪನಿ ಮೂರು ವರ್ಷ ಸತತವಾಗಿ ವಾರ್ಷಿಕ ವಿವರ ಸಲ್ಲಿಸಿರಲಿಲ್ಲ. ಹಾಗಾದರೆ ಅದರ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಈ ಕಾರಣಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಅನರ್ಹರಾದರು. ಆ ಹಿರಿಯರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ದೋಷ ನನ್ನದು, ಮೊದಲೇ ಪರಿಶೀಲಿಸಬೇಕಿತ್ತು. ಆಹ್ವಾನ ಕೊಡುವ ಮುನ್ನ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅವರ ಗುರುತಿನ ಸಂಖ್ಯೆ ಹಾಕಿ ನೋಡಿ. ಇನ್ನಾವ ಕಂಪನಿಗಳಲ್ಲಿ ಇದ್ದಾರೆ, ನಿಮ್ಮ ಗ್ರಾಹಕ ಆಸ್ಪತ್ರೆಯಲ್ಲೇ ಪಾಲಿದೆಯೇ ಎಂಬುದನ್ನೂ ಕೇಳಿ. ಕೇಳಿದ್ದಕ್ಕೆ ಬೇಸರಪಡುವವರು ಮಂಡಳಿಯಲ್ಲಿಯೂ ಬೇಸರಪಡುತ್ತಾರೆ.

ಸಂಸ್ಥಾಪಕ, ಮಂಗಳೂರು

ನಾವು ನಿವೃತ್ತ ಹಿರಿಯ ಅಧಿಕಾರಿಯೊಬ್ಬರನ್ನು ಕರೆತಂದೆವು. ಸರ್ಕಾರದ ಬಾಗಿಲು ತೆರೆಯಬಹುದು ಎಂಬ ಆಸೆ ನಮ್ಮದಾಗಿತ್ತು, ಅದು ನಮ್ಮ ತಪ್ಪು. ನಾಲ್ಕು ಸಭೆಗಳಲ್ಲಿ ಒಂದಕ್ಕೆ ಬಂದರು. ಹನ್ನೆರಡು ತಿಂಗಳು ಯಾವ ಸಭೆಗೂ ಬಾರದಿದ್ದರೆ ಸ್ಥಾನ ತಾನೇ ತೆರವಾಗುತ್ತದೆ. ಅವರು ಅಷ್ಟಕ್ಕೆ ಬಿಡಲಿಲ್ಲ, ತಾವೇ ಫೋನ್ ಮಾಡಿ ಗೌರವದಿಂದ ಹೊರನಡೆದರು.

ದೊಡ್ಡ ಕಂಪನಿಯ ಉಪಾಧ್ಯಕ್ಷರ ಬಗ್ಗೆ ನನಗೆ ಎರಡು ಮನಸ್ಸಿದೆ. ನಮ್ಮಲ್ಲಿ ಇದ್ದವರು ಮೊದಲ ಆರು ತಿಂಗಳು ಇಪ್ಪತ್ತು ಸಾವಿರ ಜನರ ಕಂಪನಿಯ ನಮೂನೆಗಳನ್ನು ತಂದು ನಲವತ್ತು ಜನರ ಮೇಲೆ ಹೇರಿದರು. ಆದರೆ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಮಾರಾಟದ ದಿನವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು ಎಂದು ಕಲಿಸಿದವರೂ ಅವರೇ. ಅದೊಂದರಿಂದಲೇ ನಾವು ಎರಡು ಕೆಟ್ಟ ವರ್ಷ ದಾಟಿದೆವು. ಯಾರೇ ಆಗಲಿ, ಆರು ತಿಂಗಳು ಸಲಹೆಗಾರರಾಗಿ ಇರಲು ಕೇಳಿಕೊಳ್ಳಿ, ಆಮೇಲೆ ನಿರ್ದೇಶಕರನ್ನಾಗಿ ಮಾಡಿ.

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಶಿವಮೊಗ್ಗ

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿಮ್ಮಂಥದೇ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರ ಮಂಡಳಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಕರೆದಾಗ, ನನಗೇನು ಗೊತ್ತು ಎಂದು ಹಿಂಜರಿದಿದ್ದೆ.

ಒಂದು ಸಭೆಯಲ್ಲಿ ರೋಗಿಗಳ ಮಾಹಿತಿಯ ಸುರಕ್ಷತೆಯ ಮಾತು ನಡೆಯಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ, ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಎಂದು ವಕೀಲರು ವಿವರಿಸಿದರು. ಎಲ್ಲರೂ ಗಾಬರಿಯಾಗಿ ಹಲವು ಲಕ್ಷದ ಯಂತ್ರವೊಂದನ್ನು ಕೊಳ್ಳಲು ಹೊರಟರು. ನಾನು ಕೈಯೆತ್ತಿ ಕೇಳಿದೆ: ವಾರ್ಡಿನ ಕಂಪ್ಯೂಟರಿನ ಕೆಳಗೆ ಅಂಟಿಸಿರುವ ಪಾಸ್‌ವರ್ಡ್ ಬಗ್ಗೆ ಏನು ಮಾಡುತ್ತೀರಿ? ಯಾರಿಗೂ ಅರ್ಥವಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಇಬ್ಬರು ಸಿಸ್ಟರ್‌ಗಳಿರುತ್ತಾರೆ. ಕೈಗವಸು ತೆಗೆದು, ಹತ್ತು ಅಕ್ಷರದ ಪಾಸ್‌ವರ್ಡ್ ಒತ್ತಿ, ತಪ್ಪಾದರೆ ಮತ್ತೆ ಒತ್ತಿ, ಅಷ್ಟರಲ್ಲಿ ಇನ್ನೊಂದು ಹಾಸಿಗೆಯ ಗಂಟೆ ಬಾರಿಸುತ್ತದೆ. ಹಾಗಾಗಿ ಒಬ್ಬರ ಹೆಸರಿನ ಪಾಸ್‌ವರ್ಡನ್ನು ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಮೇಲೆ ಬರೆದು ಪರದೆಯ ಕೆಳಗೆ ಅಂಟಿಸುತ್ತಾರೆ. ಇಡೀ ವಾರ್ಡು ಅದೇ ಹೆಸರಿನಲ್ಲಿ ಔಷಧ ಬರೆಯುತ್ತದೆ. ನಾನೂ ಅಂಟಿಸಿದ್ದೇನೆ. ತಪ್ಪು ಔಷಧ ಹೋದ ದಿನ, ರಜೆಯಲ್ಲಿ ಮನೆಯಲ್ಲಿದ್ದ ಹುಡುಗಿಯೊಬ್ಬಳು ಉತ್ತರ ಕೊಡಬೇಕಾಗಿ ಬಂದದ್ದನ್ನೂ ಕಂಡಿದ್ದೇನೆ.

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಯಂತ್ರ ಕೊಳ್ಳುವುದನ್ನು ಮುಂದೂಡಿದರು. ಮೂರು ತಿಂಗಳಲ್ಲಿ ಗುರುತಿನ ಚೀಟಿ ಮುಟ್ಟಿಸಿದರೆ ತೆರೆದುಕೊಳ್ಳುವ ವ್ಯವಸ್ಥೆ ಮಾಡಿದರು. ನಿಮ್ಮ ಪಟ್ಟಿಯ ನಾಲ್ಕು ಹೆಸರಿನಲ್ಲಿ ಆಸ್ಪತ್ರೆಯೊಳಗೆ ದುಡಿದವರು ಒಬ್ಬರೂ ಇಲ್ಲವಲ್ಲ, ತಾಯಿ.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ಕೈಮುಗಿದು ವಂದನೆ. ಧಾರವಾಡದ ಸರ್ ಹೇಳಿದಂತೆ ಕೋಷ್ಟಕ ಬರೆದೆವು. ಎಂಜಿನಿಯರಿಂಗ್ ಎಂಬ ಸಾಲಿನಲ್ಲಿ ನಾವಿಬ್ಬರೂ ಇದ್ದೇವೆ. ಹಣಕಾಸು, ಆಸ್ಪತ್ರೆ, ಕಾನೂನು ಎಂಬ ಸಾಲುಗಳು ಖಾಲಿ. ಹೂಡಿಕೆದಾರರ ಪ್ರತಿನಿಧಿ ಯಾವ ವೃತ್ತಿಯವರು ಎಂದು ನಾವು ಇದುವರೆಗೆ ಕೇಳಿಯೇ ಇರಲಿಲ್ಲ. ಇಂದು ಕೇಳಿದೆವು, ಅವರು ಕಾನೂನು ಓದಿದವರು. ಹಾಗಾಗಿ ನಮಗೆ ಉಳಿದಿರುವುದು ಸಾಲದ ಕಡತ ಓದಬಲ್ಲವರೊಬ್ಬರು ಮತ್ತು ವಾರ್ಡು ಬಲ್ಲವರೊಬ್ಬರು. ಉಪಾಧ್ಯಕ್ಷರಾಗಿದ್ದವರನ್ನು ಸಲಹೆಗಾರರಾಗಲು ಕೇಳಿಕೊಳ್ಳುತ್ತೇವೆ. ದೊಡ್ಡಪ್ಪನ ಮಗನಿಗೆ ನಿನ್ನೆ ರಾತ್ರಿ ಫೋನ್ ಮಾಡಿ ವಿಷಯ ತಿಳಿಸಿದೆ. ಅವನು ನಿರಾಳನಾದದ್ದು ಧ್ವನಿಯಲ್ಲೇ ಗೊತ್ತಾಯಿತು.

ಶಿವಮೊಗ್ಗದ ಅಮ್ಮಾ, ಇಂದು ಬೆಳಿಗ್ಗೆ ನಮ್ಮ ಸಾಫ್ಟ್‌ವೇರ್ ಇರುವ ಆಸ್ಪತ್ರೆಯೊಂದಕ್ಕೆ ಹೋಗಿ ಎರಡನೆಯ ಮಹಡಿಯ ವಾರ್ಡಿನ ಪರದೆಯ ಕೆಳಗೆ ನೋಡಿದೆ. ಬಿಳಿ ಟೇಪ್ ಇತ್ತು. ಮುಂದಿನ ವಾರ ಶಿವಮೊಗ್ಗಕ್ಕೆ ಬಂದರೆ ನೀವು ಒಂದು ಗಂಟೆ ಕೊಡಬಲ್ಲಿರಾ?