ಬ್ರೌಸರಿನಲ್ಲೇ ಎಂಆರ್‌ಐ ನೋಡಬಹುದಾ?

ಪ್ರಶ್ನೆ: ಪುಣೆಯ ಕೊಥ್ರೂಡಿನಲ್ಲಿದ್ದೇನೆ. ಅಪ್ಪನ ಮೆದುಳಿನ ಸ್ಕ್ಯಾನ್ ಸಿಡಿ ಧಾರವಾಡದಿಂದ ಬಂದಿದೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ಫೈಲು ಯಾರದೋ ಸರ್ವರ್‌ಗೆ ಹೋಗುವುದೂ ನನಗೆ ಬೇಡ.

ಉತ್ತರ: ನೀವ್ಯೂ (NiiVue) ನೋಡಿ, ಬ್ರೌಸರಿನಲ್ಲೇ ಸ್ಕ್ಯಾನ್ ತೋರಿಸುವ ವೆಬ್ ಪುಟ. ಫೈಲನ್ನು ಎಳೆದು ಪುಟದ ಮೇಲೆ ಬಿಟ್ಟರೆ ಸಾಕು. ನಿಮ್ಮದೇ ಗ್ರಾಫಿಕ್ಸ್ ಕಾರ್ಡ್ ವೆಬ್‌ಜಿಎಲ್ 2 (ಬ್ರೌಸರಿನಲ್ಲಿ ಚಿತ್ರ ಬಿಡಿಸುವ ತಂತ್ರ) ಮೂಲಕ ಚಿತ್ರ ಮೂಡಿಸುತ್ತದೆ, ಫೈಲು ಎಲ್ಲಿಗೂ ಹೋಗಲ್ಲ. ಒಂದು ಮಾತು: ತೆರೆಯ ಎಡಕ್ಕೆ ಕಾಣುವುದು ಅಪ್ಪನ ಬಲಗಡೆ ಇರಬಹುದು. ಅಂಚಿನಲ್ಲಿರುವ ಎಲ್, ಆರ್ ಅಕ್ಷರ ನೋಡಿಕೊಳ್ಳಿ.

ಇನ್ನೊಬ್ಬರು: ಬ್ರೌಸರಿನಲ್ಲೇ ಓಡುವ ಬ್ರೈನ್‌ಚಾಪ್ (Brainchop) ಕೂಡ ಇದೆ. ಟಿ1 (ಎಂಆರ್‌ಐನ ಒಂದು ಬಗೆ) ಸ್ಕ್ಯಾನನ್ನು 256×256×256 ಚುಕ್ಕಿಗಳ ಅಳತೆಗೆ ಹೊಂದಿಸಿ, ಮೆದುಳಿನ ಬೂದು ಭಾಗ, ಬಿಳಿ ಭಾಗಕ್ಕೆ ಬೇರೆ ಬೇರೆ ಬಣ್ಣ ಹಚ್ಚುತ್ತದೆ. ಮೆಮೊರಿ ಜಾಸ್ತಿ ಬೇಕು. ಆದರೆ ಆ ಬಣ್ಣ ನೋಡಿ ಸುಮ್ನೆ ಗಾಬರಿಯಾಗಬೇಡಿ. ಅದು ಸಂಶೋಧನೆಯ ಸಲಕರಣೆ. ವರದಿ ಡಾಕ್ಟರೇ ಓದಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಸಿಡಿಯಲ್ಲಿರುವುದು ಡೈಕಾಮ್ (ಆಸ್ಪತ್ರೆಗಳು ಸ್ಕ್ಯಾನ್ ಉಳಿಸುವ ರೂಪ) ಫೈಲು, ನಡೆಯುತ್ತದಾ?

ಉತ್ತರ: ಫೈಲಿನ ರೂಪ ಬದಲಿಸುವ ಡಿಸಿಎಂ2ನಿಕ್ಸ್‌ನಲ್ಲಿ (dcm2niix) ಅದನ್ನು ನಿಫ್ಟಿ, ಅಂದರೆ ನೀವ್ಯೂ ತೆರೆಯುವ ರೂಪಕ್ಕೆ, ಮಾಡಿಕೊಳ್ಳಿ. ಅದೂ ಬ್ರೌಸರಲ್ಲೇ ಓಡುತ್ತದೆ.