ಪದ ಬೇಕಾಗಿದೆ: ‘ಮಿರರ್ ನ್ಯೂರಾನ್’ಗೆ ‘ಕನ್ನಡಿ ನರಕೋಶ’ ಸರಿಹೋಗುತ್ತದೆಯೇ?

ಗೆಳೆಯರೆ, ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಮಿದುಳಿನ ಮೇಲೊಂದು ಲೇಖನ ಬರೆಯುತ್ತಿದ್ದೇನೆ. ‘ಮಿರರ್ ನ್ಯೂರಾನ್’ ಬಂದಲ್ಲಿ ಮೂರು ದಿನದಿಂದ ಕೈ ನಿಂತಿದೆ. ಕನ್ನಡಿ ನರಕೋಶ, ದರ್ಪಣ ನರಕೋಶ, ಪ್ರತಿಬಿಂಬ ಕೋಶ, ಇವುಗಳಲ್ಲಿ ಒಂದನ್ನು ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಹಾಕಿ ಓದಿಕೊಂಡಾಗಲೆಲ್ಲ ವಿಷಯ ಒಂದು ಕಡೆ, ಪದ ಇನ್ನೊಂದು ಕಡೆ ಎಳೆಯುತ್ತದೆ.

ವಿಷಯ ಇಷ್ಟು. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಲ್ಲಿ ಜಾಕೊಮೊ ರಿಜ್ಜೊಲಾಟ್ಟಿ ಮತ್ತು ಸಂಗಡಿಗರು ಮಕಾಕ್ ಕೋತಿಗಳ ಮಿದುಳಿನಲ್ಲಿ ಎಫ್5 ಎಂಬ ಜಾಗವನ್ನು ಪರೀಕ್ಷಿಸುತ್ತಿದ್ದರು. ಕೈಯಲ್ಲಿ ಹಿಡಿಯುವ, ಬಾಯಿಗೆ ಹಾಕಿಕೊಳ್ಳುವ ಚಲನೆಗಳು ಸಿದ್ಧವಾಗುವ ಜಾಗ ಅದು. ಅಲ್ಲಿನ ಹಲವು ಕೋಶಗಳಿಗೆ ತಮ್ಮದೇ ಹಿಡಿತವಿದೆ. ಕೆಲವು, ಎರಡು ಬೆರಳ ಚಿಟಿಕೆಯಲ್ಲಿ ಕಾಳು ಎತ್ತುವಾಗ ಮಿಡಿಯುತ್ತವೆ, ಅಂದರೆ ವಿದ್ಯುತ್ ಸಂಕೇತ ಹೊಮ್ಮಿಸುತ್ತವೆ. ಕೆಲವು, ಇಡೀ ಕೈಯಲ್ಲಿ ಬಾಚಿ ಹಿಡಿಯುವಾಗ. ‘ಕಪಿಮುಷ್ಟಿ’ ಎನ್ನುತ್ತೇವಲ್ಲ, ಮಿದುಳಿನಲ್ಲಿ ಅದಕ್ಕೊಂದು ವಿಳಾಸ ಬೇಕೆಂದರೆ ಇದನ್ನೇ ಕೊಡಬೇಕು. 1992ರಲ್ಲಿ ಅವರು ಪ್ರಕಟಿಸಿದ್ದು ಇದು: ಎದುರಿಗಿದ್ದ ಮನುಷ್ಯ ತಿಂಡಿಯ ಚೂರನ್ನು ಎತ್ತಿಕೊಂಡಾಗ, ಕೈ ಅಲುಗಿಸದೆ ನೋಡುತ್ತ ಕೂತಿದ್ದ ಕೋತಿಯ ಆ ‘ಕೈ ಕೋಶ’ಗಳಲ್ಲಿ ಕೆಲವು ಮಿಡಿದವು. 1996ರ ಪ್ರಬಂಧದಲ್ಲಿ ಎರಡು ಕೋತಿಗಳ 532 ಕೋಶಗಳ ಲೆಕ್ಕವಿದೆ. ತಾನು ಮಾಡುವಾಗಲೂ ಬೇರೆಯವರು ಮಾಡುವುದನ್ನು ನೋಡುವಾಗಲೂ ಮಿಡಿದವು 92. ಬರೀ ತಿಂಡಿ ತೋರಿಸಿದರೆ ಅವು ಸುಮ್ಮನಿರುತ್ತವೆ. ಏನೂ ಇಲ್ಲದೆ ಹಿಡಿದಂತೆ ನಟಿಸಿದರೂ ಸಾಮಾನ್ಯವಾಗಿ ಸುಮ್ಮನೇ.

ಇಂಥ ಕೋಶಗಳಿಗೇ ಇಂಗ್ಲಿಷಿನಲ್ಲಿ ‘ಮಿರರ್ ನ್ಯೂರಾನ್’ ಎಂದು ಹೆಸರಾಯಿತು, ನಾವು ‘ಕನ್ನಡಿ’ ಅಂದೆವು. ತಪ್ಪೇನು ಎಂದು ನೀವು ಕೇಳಬಹುದು. ಕನ್ನಡದಲ್ಲಿ ಕನ್ನಡಿ ಕೈಗೆ ದೂರದ ವಸ್ತು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಅನ್ನುವಾಗ, ಕೈಯಲ್ಲೇ ಇರುವುದಕ್ಕೆ ಕನ್ನಡಿಯ ಹಂಗಿಲ್ಲ ಎನ್ನುತ್ತೇವೆ. ‘ಕನ್ನಡಿಯೊಳಗಿನ ಗಂಟು’ ಅನ್ನುವಾಗ, ಕಂಡರೂ ಕೈಗೆ ಸಿಗದ್ದು ಎನ್ನುತ್ತೇವೆ. ನಮ್ಮ ನುಡಿಯಲ್ಲಿ ಕನ್ನಡಿ ಕಣ್ಣಿನ ಪಕ್ಷ. ಪದದ ಒಳಗೇ ಕಣ್ಣು ಕೂತಿದೆ, ತಮಿಳಿನ ‘ಕಣ್ಣಾಡಿ’ಯಲ್ಲೂ ಕೂತಿದೆ. ಈ ಕೋಶಗಳ ವಿಶೇಷವೋ, ಅವು ಕೈಯ ಕೋಶಗಳಾಗಿದ್ದೂ ನೋಟಕ್ಕೆ ಮಿಡಿಯುತ್ತವೆ ಎಂಬುದು. ‘ಕನ್ನಡಿ’ ಎಂದ ಕೂಡಲೆ ಆ ಕೈ ಮರೆಯಾಗುತ್ತದೆ.

ಸಾಲದ್ದಕ್ಕೆ, ಕೆಲವಕ್ಕೆ ಕಾಣಲೇಬೇಕೆಂದೂ ಇಲ್ಲ. 2001ರ ಪ್ರಯೋಗದಲ್ಲಿ ಕೈ ಒಂದು ಮರೆಯ ಹಿಂದೆ ಹೋಗುತ್ತದೆ, ಹಿಡಿಯುವುದು ಕಾಣುವುದಿಲ್ಲ. ಮರೆಯ ಹಿಂದೆ ವಸ್ತು ಇದೆ ಎಂದು ಕೋತಿಗೆ ಮೊದಲೇ ಗೊತ್ತಿದ್ದರೆ ಕೆಲವು ಕೋಶಗಳು ಮಿಡಿಯುತ್ತವೆ. ಏನೂ ಇಲ್ಲವೆಂದು ಗೊತ್ತಿದ್ದರೆ ಇಲ್ಲ. ಮರುವರ್ಷ ಇನ್ನೂ ಸೊಗಸಾದದ್ದು ಬಂತು: ಕಡಲೆಕಾಯಿ ಪಟ್ಟೆಂದು ಒಡೆಯುವ ಸದ್ದು ಕಿವಿಗೆ ಬಿದ್ದರೇ ಸಾಕು, ಒಡೆಯುವುದಕ್ಕೆ ಮಿಡಿಯುವ ಕೆಲವು ಕೋಶಗಳು ಮಿಡಿದವು. 2005ರಲ್ಲಿ ಮಿದುಳಿನ ಇನ್ನೊಂದು ಜಾಗದಲ್ಲಿ ಕಂಡದ್ದು ಇದು: ತಿನ್ನಲು ಎತ್ತಿಕೊಳ್ಳುವಾಗ ಕೆಲವು ಕೋಶಗಳು ಜೋರಾಗಿ ಮಿಡಿದರೆ, ಡಬ್ಬಿಗೆ ಹಾಕಲು ಎತ್ತಿಕೊಳ್ಳುವಾಗ ಬೇರೆಯವು, ಬೇರೆಯವರು ಎತ್ತಿಕೊಳ್ಳುವುದನ್ನು ನೋಡುವಾಗಲೂ ಆ ವ್ಯತ್ಯಾಸ ಉಳಿಯಿತು. ಎತ್ತುವ ಕೈ ಒಂದೇ, ಉದ್ದೇಶ ಬೇರೆ. ಕನ್ನಡಿಯಲ್ಲಾದರೆ ಎರಡೂ ಒಂದೇ ಥರ ಕಂಡಾವು.

ಇನ್ನು ಕ್ರಿಯಾಪದ. ನನ್ನ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಇಲ್ಲಿ. ಮೊದಲ ಕರಡಿನಲ್ಲಿ ‘ಈ ಕೋಶಗಳು ಇತರರ ಕ್ರಿಯೆಯನ್ನು ಗ್ರಹಿಸುತ್ತವೆ’ ಎಂದು ಬರೆದಿದ್ದೆ. ಬರೆದು ಮುಗಿಸಿದ ಮೇಲೆ ಬೆಚ್ಚಿದೆ. ‘ಗ್ರಹಿಸು’ ಹುಟ್ಟಿದ್ದು ಹಿಡಿಯುವುದರಿಂದ. ಪಾಣಿಗ್ರಹಣದಲ್ಲಿ ಹಿಡಿಯುವುದು ಕೈಯನ್ನೇ. ಇಂದು ಅದರ ಅರ್ಥ ತಿಳಿದುಕೊಳ್ಳುವುದು. ವಿಜ್ಞಾನಿಗಳ ಜಗಳ ನಡೆಯುತ್ತಿರುವುದು ಸರಿಯಾಗಿ ಈ ಎರಡು ಅರ್ಥಗಳ ನಡುವೆ. ಹಿಡಿಯುವ ಕೋಶ ಮಿಡಿದ ಮಾತ್ರಕ್ಕೆ ಅರ್ಥವಾಯಿತು ಎನ್ನಬಹುದೇ? ಪಾರ್ಮಾದವರು ಹೌದೆಂಬ ಕಡೆಗೆ ವಾಲಿದರು. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 2000ದಲ್ಲಿ, ಜೀವಶಾಸ್ತ್ರಕ್ಕೆ ಡಿಎನ್‌ಎ ಮಾಡಿದ್ದನ್ನು ಮನಶ್ಶಾಸ್ತ್ರಕ್ಕೆ ಈ ಕೋಶಗಳು ಮಾಡಲಿವೆ ಎಂದರು. ಭಾಷೆ ಮತ್ತು ಮಿದುಳಿನ ಸಂಶೋಧಕ ಗ್ರೆಗರಿ ಹಿಕಾಕ್ 2009ರಲ್ಲಿ ಈ ವಾದದ ಎಂಟು ತೊಡಕುಗಳನ್ನು ಮುಂದಿಟ್ಟರು. ಮಿದುಳಿಗೆ ಪೆಟ್ಟಾಗಿ ಒಂದು ಕ್ರಿಯೆಯನ್ನು ಸರಿಯಾಗಿ ಮಾಡಲಾರದವರೂ ಇನ್ನೊಬ್ಬರು ಅದನ್ನು ಮಾಡಿದಾಗ ಏನೆಂದು ತಿಳಿಯಬಲ್ಲರು ಎಂಬುದು ಅವುಗಳಲ್ಲಿ ತೂಕದ್ದು. ಇನ್ನೂ ಮುಗಿಯದ ಈ ವ್ಯಾಜ್ಯದಲ್ಲಿ ‘ಗ್ರಹಿಸು’ ಎಂದು ಬರೆದರೆ, ಓದುವ ಮಗುವಿನ ಮುಂದೆ ನಾನೇ ತೀರ್ಪು ಕೊಟ್ಟಂತೆ. ಅದಕ್ಕೇ ‘ಮಿಡಿ’ಗೆ ಬಂದೆ. ನಾಡಿಯೂ ಮಿಡಿಯುತ್ತದೆ, ತಂತಿಯೂ ಮಿಡಿಯುತ್ತದೆ, ಎರಡೂ ಏನನ್ನೂ ಅರಿತುಕೊಳ್ಳಬೇಕಾಗಿಲ್ಲ. ‘ಸ್ಪಂದಿಸು’ ಒಳ್ಳೆಯ ಪದವೇ, ಆದರೆ ಈಚೆಗೆ ಅದಕ್ಕೆ ಅನುಕಂಪ ಅಂಟಿಕೊಂಡಿದೆ, ‘ಜನರ ಕಷ್ಟಕ್ಕೆ ಸ್ಪಂದಿಸಿದರು’ ಎಂಬಂತೆ. ‘ಅನುಕರಣ ಕೋಶ’ ಬೇಡವೇ ಬೇಡ. ಕೋತಿಬುದ್ಧಿ ಎಂದರೆ ನಕಲು ಎಂದುಕೊಂಡಿದ್ದರೂ, ಮಕಾಕ್‌ಗಳು ನೋಡಿ ಮಾಡುವುದರಲ್ಲಿ ಅಂಥ ಜಾಣವಲ್ಲ.

ಹೆಸರಿಗೆ ನನಗೆ ತೋಚಿದ್ದು ‘ಜೊತೆಮಿಡಿ ಕೋಶ’. ‘ಅನುಮಿಡಿತ’ ಅಂದರೆ ಅರಿಸಮಾಸವೆಂದು ಹಿರಿಯರು ಒಪ್ಪಲಿಕ್ಕಿಲ್ಲ. ‘ಓಗೊಡುವ ಕೋಶ’ವೂ ಮನಸ್ಸಿನಲ್ಲಿತ್ತು, ಆದರೆ ಓಗೊಡಲು ಯಾರಾದರೂ ಕರೆದಿರಬೇಕು, ಇಲ್ಲಿ ಕರೆದವರಿಲ್ಲ. ಬಳಕೆಯಲ್ಲಿರುವ ‘ಕನ್ನಡಿ ನರಕೋಶ’ವನ್ನು ಮೊದಲ ಸಾಲಿನಲ್ಲಿ ಹೇಳಿ, ಮುಂದೆ ‘ಜೊತೆಮಿಡಿ’ ಎಂದೇ ನಡೆಸೋಣವೆಂದಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ, ದಾಕ್ಷಿಣ್ಯವಿಲ್ಲದೆ ತಿಳಿಸಿ.

ಇನ್ನೊಂದು ಕೇಳಬೇಕು. ಮೊನ್ನೆ ತಂಗಿ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಚಮಚ ಮಗುವಿನ ತುಟಿಯ ಹತ್ತಿರ ಬಂದಾಗಲೆಲ್ಲ ಅವಳ ಬಾಯಿ ತಾನಾಗಿ ತೆರೆಯುತ್ತಿತ್ತು, ಮಗು ನುಂಗಿದಾಗ ಮುಚ್ಚುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಬಾಯಿಯೂ ಹಾಗೇ. ಅದು ಈ ಕೋಶಗಳದೇ ಕೆಲಸ ಎಂದು ನಾನು ಬರೆಯಲಾರೆ, ಆದರೆ ಲೇಖನವನ್ನು ಅಲ್ಲಿಂದಲೇ ಶುರು ಮಾಡುವ ಆಸೆ. ತುತ್ತಿಡುವವರು ತಾವೇ ಹೀಗೆ ಬಾಯಿ ತೆರೆಯುವುದಕ್ಕೆ ಮಂಡ್ಯದ ಕಡೆ, ಧಾರವಾಡದ ಕಡೆ, ಕುಂದಾಪುರದ ಕಡೆ, ನಿಮ್ಮ ನಿಮ್ಮ ಮನೆಗಳಲ್ಲಿ ಏನಾದರೂ ಮಾತಿದೆಯೇ? ಅಜ್ಜಿಯರನ್ನು ಕೇಳಿ ಹೇಳಿದರೂ ಆದೀತು.